ಹಳೆಯ ಕರೆನ್ಸಿ ನೋಟುಗಳ ಸ್ಥಿತಿ ಮತ್ತು ದರ್ಜೆ: ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ಭಾಗದ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಗಣಿ ಕೆಲಸದ ಸಂಬಳ ಹಲವು ತಲೆಮಾರುಗಳ ಕಾಲ ಜೀವನಾಧಾರವಾಗಿತ್ತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ನಂತರ ಅನೇಕ ಕುಟುಂಬಗಳ ಮಕ್ಕಳು ಬಂಗಾರಪೇಟೆ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ. ಊರಿನ ಮನೆಗಳಲ್ಲಿ ಉಳಿದಿರುವ ಹಿರಿಯರ ಟ್ರಂಕು, ಬೀರು ಮತ್ತು ದೇವರ ಪೆಟ್ಟಿಗೆಗಳಲ್ಲಿ ಹಳೆಯ ಒಂದು, ಎರಡು, ಐದು ರೂಪಾಯಿಗಳ ನೋಟುಗಳು ಹಾಗೂ ಕೆಲವೊಮ್ಮೆ ರದ್ದಾದ ನೋಟುಗಳು ದೊರೆಯುವುದುಂಟು. ಇಂತಹ ನೋಟುಗಳನ್ನು ಬ್ಯಾಂಕಿಗೆ ಕೊಡಬೇಕೆ, ಸಂಗ್ರಾಹಕರಿಗೆ ಮಾರಬೇಕೆ ಅಥವಾ ಹಾಗೆಯೇ ಇಟ್ಟುಕೊಳ್ಳಬೇಕೆ ಎಂಬುದು ನಾಗರಿಕರ ಪ್ರಶ್ನೆಯಾಗಿರುತ್ತದೆ.

ಈ ಪ್ರಶ್ನೆಗೆ ಉತ್ತರವು ನೋಟಿನ ವಯಸ್ಸಿಗಿಂತ ಹೆಚ್ಚಾಗಿ ಅದರ ಸ್ಥಿತಿಯನ್ನು ಅವಲಂಬಿಸಿದೆ. ಒಂದೇ ವರ್ಷದ, ಒಂದೇ ಸಹಿಯ ಎರಡು ನೋಟುಗಳ ಪೈಕಿ ಒಂದಕ್ಕೆ ಸಂಗ್ರಾಹಕರು ಮುಖಬೆಲೆಯ ಹಲವು ಪಟ್ಟು ಕೊಡಬಹುದು. ಇನ್ನೊಂದನ್ನು ಮುಖಬೆಲೆಗೂ ಕೇಳದಿರಬಹುದು. ಆದುದರಿಂದ ನೋಟನ್ನು ಯಾರ ಕೈಗಾದರೂ ಕೊಡುವ ಮುನ್ನ, ಅದಕ್ಕಿಂತ ಮುಖ್ಯವಾಗಿ ಅದನ್ನು ಶುಚಿಗೊಳಿಸುವ ಯೋಚನೆ ಮಾಡುವ ಮುನ್ನ, ಕೆಳಕಂಡ ಮಾಹಿತಿಯನ್ನು ಓದಿಕೊಳ್ಳುವುದು ಸೂಕ್ತ.

ಎರಡು ಬೇರೆ ಬೇರೆ ಅಳತೆಗಳು

ನೋಟಿನ ಸ್ಥಿತಿಯನ್ನು ಬ್ಯಾಂಕು ಒಂದು ರೀತಿಯಲ್ಲಿ, ಸಂಗ್ರಾಹಕರು ಮತ್ತೊಂದು ರೀತಿಯಲ್ಲಿ ಅಳೆಯುತ್ತಾರೆ. ಬ್ಯಾಂಕಿನವರು ನೋಡುವುದು ನೋಟು ಅಸಲಿಯೇ ಮತ್ತು ಅದರ ಎಷ್ಟು ಭಾಗ ಉಳಿದಿದೆ ಎಂಬುದನ್ನು. ಕಾಗದ ಮೆತ್ತಗಾಗಿದ್ದರೂ, ಬಣ್ಣ ಮಾಸಿದ್ದರೂ, ಹತ್ತಾರು ಮಡಿಕೆಗಳಿದ್ದರೂ ಪೂರ್ಣ ಮೊತ್ತ ದೊರೆಯುತ್ತದೆ. ಸಂಗ್ರಾಹಕರು ನೋಡುವುದು ಆ ನೋಟು ಮುದ್ರಣಾಲಯದಿಂದ ಹೊರಬಂದ ದಿನ ಹೇಗಿತ್ತೋ ಅದಕ್ಕೆ ಈಗ ಎಷ್ಟು ಹತ್ತಿರವಿದೆ ಎಂಬುದನ್ನು. ಅವರಿಗೆ ನಡುವಿನ ಒಂದೇ ಒಂದು ಮಡಿಕೆಯೂ ಲೆಕ್ಕಕ್ಕೆ ಬರುತ್ತದೆ.

ಈ ವ್ಯತ್ಯಾಸ ತಿಳಿಯದೆ ಆಗುವ ನಷ್ಟ ಎರಡು ಬಗೆಯದು. ಗರಿಗರಿಯಾದ ಹಳೆಯ ನೋಟಿನ ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು ಮುಖಬೆಲೆ ಪಡೆದರೆ ಆ ಕಟ್ಟು ಮತ್ತೆ ಸಿಗುವುದಿಲ್ಲ. ಇಲಿ ಕಡಿದ ನೋಟಿಗೆ ಹೆಚ್ಚು ಬೆಲೆ ಬಂದೀತೆಂದು ವರ್ಷಗಟ್ಟಲೆ ಇಟ್ಟುಕೊಂಡರೆ, ಕಾಗದ ಇನ್ನಷ್ಟು ಉದುರಿ ಬ್ಯಾಂಕಿನಲ್ಲಿ ಸಿಗಬೇಕಾಗಿದ್ದ ಮೊತ್ತವೂ ಕಡಿಮೆಯಾಗುತ್ತದೆ.

ಸಂಗ್ರಾಹಕರು ಬಳಸುವ ದರ್ಜೆಗಳು

ದರ್ಜೆಗಳ ಹೆಸರುಗಳು ಇಂಗ್ಲಿಷಿನಲ್ಲಿಯೇ ಬಳಕೆಯಲ್ಲಿವೆ. ಬೆಂಗಳೂರಿನ ನಾಣ್ಯ ವ್ಯಾಪಾರಿಯಾಗಲಿ ವಿದೇಶದ ಹರಾಜು ಸಂಸ್ಥೆಯಾಗಲಿ ಬಳಸುವುದು ಇವೇ ಹೆಸರುಗಳನ್ನು. ಅಂತರರಾಷ್ಟ್ರೀಯ ಬ್ಯಾಂಕ್ ನೋಟ್ ಸೊಸೈಟಿಯು ನೀಡಿರುವ ವಿವರಣೆಗಳನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ.

ಅತ್ಯುನ್ನತ ದರ್ಜೆ ಅನ್‌ಸರ್ಕ್ಯುಲೇಟೆಡ್. ವ್ಯಾಪಾರದ ಮಾತಿನಲ್ಲಿ ಇದನ್ನು ಯುಎನ್‌ಸಿ ಎನ್ನುತ್ತಾರೆ. ಚಲಾವಣೆಗೆ ಬಾರದ ನೋಟು ಎಂದು ಇದರ ಅರ್ಥ. ಕಾಗದ ಗಟ್ಟಿಯಾಗಿಯೂ ಸ್ವಚ್ಛವಾಗಿಯೂ ಇರಬೇಕು. ನಾಲ್ಕು ಮೂಲೆಗಳು ಚೂಪಾಗಿರಬೇಕು. ಎಲ್ಲಿಯೂ ಮಡಿಕೆ, ಸುಕ್ಕು, ಬಣ್ಣಗೆಡುವಿಕೆ ಇರಬಾರದು. ಮನೆಯಲ್ಲಿ ಜೋಪಾನವಾಗಿಟ್ಟ ನೋಟುಗಳೆಲ್ಲ ಈ ದರ್ಜೆಯವು ಎಂದು ಭಾವಿಸುವುದು ಸಾಮಾನ್ಯ ತಪ್ಪು. ಪರ್ಸಿನಲ್ಲಿ ಒಂದು ದಿನ ಮಡಿಸಿಟ್ಟ ನೋಟು, ನಂತರ ಐವತ್ತು ವರ್ಷ ಪುಸ್ತಕದ ನಡುವೆ ಇದ್ದರೂ, ಈ ದರ್ಜೆಗೆ ಮರಳುವುದಿಲ್ಲ.

ಅದರ ಕೆಳಗಿನದು ಅಬೌಟ್ ಅನ್‌ಸರ್ಕ್ಯುಲೇಟೆಡ್, ಅಂದರೆ ಎಯು. ಕ್ಯಾಷಿಯರ್ ಕಟ್ಟು ಎಣಿಸುವಾಗ ಮೂಲೆಯಲ್ಲಿ ಮೂಡಿದ ಲಘು ಬಾಗು ಅಥವಾ ನಡುವೆ ಒಂದು ತೆಳು ಮಡಿಕೆ, ಇವೆರಡರಲ್ಲಿ ಒಂದಿದ್ದರೆ ಈ ದರ್ಜೆ. ಎರಡೂ ಇದ್ದರೆ ಇಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆರಳಿನಿಂದ ಸವರಿದರೆ ಮಾತ್ರ ತಿಳಿಯುವ ಮಡಿಕೆಯೇ ಬೇರೆ, ಶಾಯಿಯ ಮೇಲ್ಪದರವನ್ನು ಒಡೆದು ಬಿಳಿ ಗೆರೆ ಮೂಡಿಸಿರುವ ಗಟ್ಟಿ ಮಡಿಕೆಯೇ ಬೇರೆ. ಎರಡನೆಯದಿದ್ದರೆ ನೋಟು ಎಯು ಆಗಿ ಉಳಿಯುವುದಿಲ್ಲ.

ಎಕ್ಸ್‌ಟ್ರೀಮ್ಲಿ ಫೈನ್ ದರ್ಜೆಯಲ್ಲಿ ಹೆಚ್ಚೆಂದರೆ ಮೂರು ಲಘು ಮಡಿಕೆಗಳು ಅಥವಾ ಒಂದು ಗಟ್ಟಿ ಮಡಿಕೆ ಇರಬಹುದು. ಕಾಗದದ ಮೂಲ ಹೊಳಪು ಉಳಿದಿರಬೇಕು. ವೆರಿ ಫೈನ್ ಎಂದರೆ ಅಡ್ಡಲಾಗಿಯೂ ಉದ್ದಲಾಗಿಯೂ ಹಲವು ಮಡಿಕೆಗಳಿದ್ದು, ಸ್ವಲ್ಪ ಕೊಳೆ ಇದ್ದು, ಆದರೂ ಕಾಗದ ಇನ್ನೂ ಗಡುಸಾಗಿರುವ ನೋಟು. ಸಾಮಾನ್ಯ ಕುಟುಂಬದಲ್ಲಿ ಚೆನ್ನಾಗಿ ಉಳಿದಿರುವ ನೋಟುಗಳಲ್ಲಿ ಹೆಚ್ಚಿನವು ಈ ಎರಡು ದರ್ಜೆಗಳ ನಡುವೆ ಬರುತ್ತವೆ.

ಫೈನ್ ಎಂಬ ಪದವು ಸಾರ್ವಜನಿಕರನ್ನು ದಾರಿ ತಪ್ಪಿಸುವ ಪದ. ಆಡುಮಾತಿನಲ್ಲಿ ಫೈನ್ ಎಂದರೆ ಚೆನ್ನಾಗಿದೆ ಎಂದರ್ಥ. ಇಲ್ಲಿ ಅದು ಬಹಳಷ್ಟು ಚಲಾವಣೆಯಾಗಿ, ಮೆತ್ತಗಾಗಿ, ಅಂಚಿನಲ್ಲಿ ಸಣ್ಣಪುಟ್ಟ ಹರಿತಗಳಿರುವ ನೋಟನ್ನು ಸೂಚಿಸುತ್ತದೆ. ಹರಿತವು ಚಿತ್ರದ ಒಳಕ್ಕೆ ಹೋಗಿರಬಾರದು, ನಡುವೆ ತೂತು ಬಿದ್ದಿರಬಾರದು, ಅಷ್ಟೆ. ವೆರಿ ಗುಡ್ ಮತ್ತು ಗುಡ್ ಎಂಬುವು ಇನ್ನೂ ಕೆಳಗಿನವು: ಮೂಲೆಗಳು ದುಂಡಾಗಿ, ಮಡಿಕೆಗಳು ಕೂಡುವ ನಡುಭಾಗದಲ್ಲಿ ತೂತು ಬಿದ್ದು, ಕಲೆ ಮತ್ತು ಬರಹಗಳಿರುವ ನೋಟುಗಳು. ಕೊನೆಯ ಫೇರ್ ಮತ್ತು ಪೂರ್ ದರ್ಜೆಗಳಲ್ಲಿ ನೋಟಿನ ತುಂಡುಗಳೇ ಕಳೆದುಹೋಗಿರುತ್ತವೆ. ವ್ಯಾಪಾರಿಯು ದೂರವಾಣಿಯಲ್ಲಿ "ನಿಮ್ಮ ನೋಟು ಗುಡ್ ಕಂಡೀಷನ್" ಎಂದರೆ ಸಂತೋಷಪಡುವ ಕಾರಣವಿಲ್ಲ ಎಂಬುದನ್ನು ನೆನಪಿಡುವುದು ಒಳಿತು.

ಹೆಸರುಗಳ ಜೊತೆಗೆ ಅಂಕಗಳೂ ಬಳಕೆಯಲ್ಲಿವೆ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಅವರು ಆ ದೇಶದ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಕ್ರಮವನ್ನು ನಂತರ ನೋಟುಗಳಿಗೂ ಅನ್ವಯಿಸಲಾಯಿತು. ಇದರಲ್ಲಿ 60 ಮತ್ತು ಅದಕ್ಕಿಂತ ಮೇಲಿನವು ಅನ್‌ಸರ್ಕ್ಯುಲೇಟೆಡ್. 50ರಿಂದ 58 ಎಯು. 40 ಮತ್ತು 45 ಎಕ್ಸ್‌ಟ್ರೀಮ್ಲಿ ಫೈನ್. 20ರಿಂದ 35 ವೆರಿ ಫೈನ್. 12 ಮತ್ತು 15 ಫೈನ್. ಇದು ಪರೀಕ್ಷೆಯ ಶೇಕಡಾವಾರು ಅಂಕವಲ್ಲ. 35 ಅಂಕದ ನೋಟನ್ನು ಅನುತ್ತೀರ್ಣ ಎಂದು ತಿಳಿಯಬೇಕಾಗಿಲ್ಲ.

ಪಿನ್ನಿನ ರಂಧ್ರಗಳ ವಿಚಾರ

ಭಾರತದ ನೋಟುಗಳ ವಿಷಯದಲ್ಲಿ ಒಂದು ವಿಶೇಷವಿದೆ. ಹಿಂದೆ ಬ್ಯಾಂಕುಗಳು ನೂರು ನೋಟುಗಳ ಕಟ್ಟಿಗೆ ಎಡಭಾಗದಲ್ಲಿ ದಪ್ಪ ಸ್ಟೇಪಲ್ ಪಿನ್ನು ಹೊಡೆಯುತ್ತಿದ್ದವು. ಕಟ್ಟಿನಿಂದ ನೋಟು ಬಿಡಿಸಲು ಕ್ಯಾಷಿಯರುಗಳು ಪಡುತ್ತಿದ್ದ ಪಾಡನ್ನು ಹಿರಿಯರು ನೋಡಿರುತ್ತಾರೆ. ರಿಸರ್ವ್ ಬ್ಯಾಂಕು 1999ರಲ್ಲಿ ಸ್ವಚ್ಛ ನೋಟು ನೀತಿಯನ್ನು ಪ್ರಕಟಿಸಿತು. 2001ರ ನವೆಂಬರ್‌ನಲ್ಲಿ, ಕಟ್ಟುಗಳಿಗೆ ಪಿನ್ನು ಹೊಡೆಯುವುದನ್ನು ನಿಲ್ಲಿಸಿ ಕಾಗದದ ಪಟ್ಟಿಯಿಂದ ಕಟ್ಟುವಂತೆ ಬ್ಯಾಂಕುಗಳಿಗೆ ನಿರ್ದೇಶನ ನೀಡಿತು.

ಇದರ ಪರಿಣಾಮವಾಗಿ ಅದಕ್ಕೂ ಹಿಂದಿನ ನೋಟುಗಳಲ್ಲಿ, ಎಂದೂ ಯಾರ ಕೈಗೂ ಹೋಗದ ನೋಟುಗಳಲ್ಲಿಯೂ ಸಹ, ಎಡಬದಿಯಲ್ಲಿ ಎರಡು ರಂಧ್ರಗಳಿರುವುದು ಸಹಜ. ಇಂತಹ ನೋಟನ್ನು ಭಾರತೀಯ ಸಂಗ್ರಾಹಕರು ತಿರಸ್ಕರಿಸುವುದಿಲ್ಲ. ರಂಧ್ರವನ್ನು ದರ್ಜೆಯ ಪಕ್ಕದಲ್ಲಿ ನಮೂದಿಸುತ್ತಾರೆ. ರಂಧ್ರವಿಲ್ಲದ ನೋಟಿಗೆ ಹೆಚ್ಚು ಬೆಲೆ ಬರುತ್ತದೆಂಬುದು ನಿಜವಾದರೂ, ರಂಧ್ರವಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ನೋಟನ್ನು ಮುಖಬೆಲೆಗೆ ಕೇಳುವವರಿಗೆ ಕೊಡಬೇಕಾಗಿಲ್ಲ. ಪಿನ್ನು ತುಕ್ಕು ಹಿಡಿದಿದ್ದರೆ ಅದರ ಕಲೆ ಕಟ್ಟಿನ ಮೊದಲ ಮತ್ತು ಕೊನೆಯ ನೋಟುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಮನೆಯಲ್ಲಿ ಪಿನ್ನಿನ ಕಟ್ಟು ಸಿಕ್ಕಿದಲ್ಲಿ ಅದನ್ನು ಚಾಕುವಿನಿಂದ ಮೀಟದೆ, ಹಾಗೆಯೇ ತಿಳಿದವರಿಗೆ ತೋರಿಸುವುದು ಲೇಸು. ಕ್ರಮಸಂಖ್ಯೆ ಮುರಿಯದ ಇಡೀ ಕಟ್ಟಿಗೆ ತನ್ನದೇ ಬೇಡಿಕೆಯಿದೆ.

ಇದೇ ರೀತಿ, ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಕೊರತೆಯಿಂದ 1917ರಲ್ಲಿ ಹೊರಡಿಸಿದ ಮೊಟ್ಟಮೊದಲ ಒಂದು ರೂಪಾಯಿ ನೋಟುಗಳು 25 ನೋಟುಗಳ ಪುಸ್ತಕ ರೂಪದಲ್ಲಿಯೂ ಬರುತ್ತಿದ್ದವು. ಚೆಕ್ಕಿನಂತೆ ಹರಿದು ತೆಗೆಯಬೇಕಾಗಿದ್ದ ಕಾರಣ ಅವುಗಳ ಒಂದು ಅಂಚು ಹಲ್ಲುಹಲ್ಲಾಗಿರುತ್ತದೆ. ಇದು ನೋಟಿನ ಸ್ವಭಾವ, ಹಾನಿಯಲ್ಲ.

ಮನೆಯಲ್ಲಿಯೇ ಪರಿಶೀಲಿಸುವ ಕ್ರಮ

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲೆ ನೋಟನ್ನು ಇಡಬೇಕು. ಎಣ್ಣೆ ಅಥವಾ ಉಗುಳು ತಾಗಿದ ಬೆರಳಿನಿಂದ ಮುಟ್ಟಬಾರದು. ಮೊದಲು ನೋಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಡಿಕೆಗಳು ನೆರಳಿನ ಗೆರೆಗಳಂತೆ ಕಾಣುತ್ತವೆ. ನಂತರ ಬೆಳಕಿಗೆ ಎದುರಾಗಿ ಹಿಡಿದರೆ ಪಿನ್ನಿನ ರಂಧ್ರ, ಅಂಟಿಸಿದ ಹರಿತ ಮತ್ತು ಕಾಗದ ತೆಳುವಾದ ಜಾಗಗಳು ತಿಳಿಯುತ್ತವೆ. ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಾಲ್ಕರಲ್ಲಿ ಅತ್ಯಂತ ಸವೆದ ಮೂಲೆಯೇ ದರ್ಜೆಯನ್ನು ಕೆಳಗೆಳೆಯುತ್ತದೆ. ಹಿಂಭಾಗವನ್ನು ನೋಡುವುದನ್ನು ಬಹಳಷ್ಟು ಜನ ಮರೆಯುತ್ತಾರೆ, ಕಲೆಗಳು ಹೆಚ್ಚಾಗಿ ಇರುವುದು ಅಲ್ಲಿಯೇ. ಇತ್ತೀಚಿನ ದಶಕಗಳ ರಿಸರ್ವ್ ಬ್ಯಾಂಕಿನ ನೋಟುಗಳ ಹಿಂಬದಿಯ ಭಾಷಾ ಫಲಕದಲ್ಲಿ ನಾಲ್ಕನೆಯ ಸಾಲು ಕನ್ನಡದ್ದು. ಆ ಸಣ್ಣ ಅಕ್ಷರಗಳು ಅಂಚು ಕೆಡದೆ ಓದಲು ಬಂದರೆ ಆ ಭಾಗದ ಮುದ್ರಣ ಸವೆದಿಲ್ಲವೆಂದು ತಿಳಿಯಬಹುದು.

ಕೊನೆಯದಾಗಿ ಅಳತೆಪಟ್ಟಿಯಿಂದ ಉದ್ದ ಅಗಲ ನೋಡಬೇಕು. ದುಂಡಾದ ಮೂಲೆಗಳನ್ನು ಚೂಪು ಮಾಡಲು ಅಂಚನ್ನು ಕತ್ತರಿಸಿರುವ ನೋಟುಗಳು ಮಾರುಕಟ್ಟೆಯಲ್ಲಿವೆ. ಒಂದು ರೂಪಾಯಿ ನೋಟು 97 ಮಿ.ಮೀ. ಉದ್ದ, 63 ಮಿ.ಮೀ. ಅಗಲ; ಎರಡು ರೂಪಾಯಿ 107 ಮತ್ತು 63; ಐದು ರೂಪಾಯಿ 117 ಮತ್ತು 63; ಮಹಾತ್ಮ ಗಾಂಧಿ ಸರಣಿಯ ಹಳೆಯ ನೂರು ರೂಪಾಯಿ 157 ಮತ್ತು 73. ಅದಕ್ಕೂ ಹಿಂದಿನ ಸರಣಿಗಳ ಅಳತೆ ಬೇರೆ ಇರಬಹುದಾದ್ದರಿಂದ ಅದೇ ಸರಣಿಯ ಮತ್ತೊಂದು ನೋಟಿನೊಡನೆ ಹೋಲಿಸುವುದು ಸರಿ.

ಮಾಡಬಾರದ ಕೆಲಸಗಳು

ನೋಟನ್ನು ತೊಳೆಯಬಾರದು, ಇಸ್ತ್ರಿ ಮಾಡಬಾರದು, ರಬ್ಬರಿನಿಂದ ಉಜ್ಜಬಾರದು, ಗಂಜಿ ಹಾಕಬಾರದು. ಇಸ್ತ್ರಿ ಮಾಡಿದಾಗ ಮಡಿಕೆ ಮರೆಯಾದಂತೆ ಕಂಡರೂ ಕಾಗದದ ನಾರು ಒಡೆದಿರುವುದು ಓರೆ ಬೆಳಕಿನಲ್ಲಿ ಕಾಣುತ್ತದೆ. ಅದರ ಜೊತೆಗೆ ಬೆರಳಿಗೆ ತಾಗುವ ಉಬ್ಬು ಮುದ್ರಣವೂ ಚಪ್ಪಟೆಯಾಗುತ್ತದೆ. ತೊಳೆದ ನೋಟು ಹೊಳಪು ಕಳೆದುಕೊಳ್ಳುತ್ತದೆ. ಇಂತಹ ನೋಟಿಗೆ ಅನುಭವಿ ಸಂಗ್ರಾಹಕರು ಅದರ ಕೊಳೆಯಾದ ಸ್ಥಿತಿಗಿಂತಲೂ ಕಡಿಮೆ ಬೆಲೆ ಕಟ್ಟುತ್ತಾರೆ. ಮನೆಯವರು ಒಳ್ಳೆಯ ಉದ್ದೇಶದಿಂದ ಒಂದು ಸಂಜೆ ಮಾಡಿದ ಶುಚಿ ಕೆಲಸವು ನೋಟಿಗೆ ಐವತ್ತು ವರ್ಷದ ಚಲಾವಣೆಗಿಂತ ಹೆಚ್ಚು ಹಾನಿ ಮಾಡಿರುವ ನಿದರ್ಶನಗಳು ಕಡಿಮೆಯಲ್ಲ.

ಹರಿದ ನೋಟಿಗೆ ಸೆಲ್ಲೋಟೇಪ್ ಅಂಟಿಸಬಾರದು. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಸಂಗ್ರಹ ಮೌಲ್ಯ ಪೂರ್ತಿ ಹೋದಂತೆಯೇ. ಮುಯ್ಯಿಯ ಕವರಿನಲ್ಲಿ ತಾಗಿದ ಅರಿಶಿನ ಕುಂಕುಮ, ಲಕ್ಷ್ಮೀಪೂಜೆಯಲ್ಲಿ ಬಿದ್ದ ಎಣ್ಣೆ, ಮದುವೆಯ ನೋಟಿನ ಹಾರಕ್ಕೆ ಚುಚ್ಚಿದ ಗುಂಡುಪಿನ್ನು, ಇವೆಲ್ಲ ಈ ಭಾಗದ ನೋಟುಗಳಲ್ಲಿ ಕಾಣಬರುವ ಕಲೆಗಳು. ಇವನ್ನು ತೆಗೆಯಲು ಹೋಗದೆ ಇದ್ದಂತೆಯೇ ಬಿಡುವುದು ಮೇಲು. ನೋಟುಗಳನ್ನು ಹಾರ ಮಾಡಲು ಬಳಸಬಾರದೆಂದು ರಿಸರ್ವ್ ಬ್ಯಾಂಕು ಸಾರ್ವಜನಿಕರನ್ನು ಕೋರಿದೆ.

ಸಂಗ್ರಹಿಸುವಾಗ ಪಾಲಿಯೆಸ್ಟರ್ ಹಾಳೆಯ ಲಕೋಟೆಗಳನ್ನು ಬಳಸಬೇಕು. ಮೆತ್ತನೆಯ ಪಿವಿಸಿ ಆಲ್ಬಮ್ಮುಗಳು ಬಿಸಿಲಿನ ದಿನಗಳಲ್ಲಿ ಬೆವರಿ ನೋಟಿಗೆ ಅಂಟಿಕೊಳ್ಳುತ್ತವೆ. ನುಸಿಗುಳಿಗೆಯನ್ನು ನೋಟಿಗೆ ತಾಗುವಂತೆ ಇಡಬಾರದು. ಕೆ.ಜಿ.ಎಫ್.ನ ನಿವಾಸಿಗಳಿಗೆ ಸೈನೈಡ್ ದಿಬ್ಬಗಳಿಂದ ಗಾಳಿಯಲ್ಲಿ ಬರುವ ಸಣ್ಣ ಧೂಳಿನ ಪರಿಚಯವಿದೆ. ತೆರೆದಿಟ್ಟ ನೋಟಿನ ಮಡಿಕೆಯಲ್ಲಿ ಅಂತಹ ಧೂಳು ಸೇರಿದರೆ ಪ್ರತಿ ಬಾರಿ ಮಡಿಸಿದಾಗಲೂ ಅದು ಕಾಗದವನ್ನು ಉಜ್ಜುತ್ತದೆ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ನೆಲದ ತೇವ ತಾಗದಂತೆ, ಮಡಿಸದೆ ಇಡಬೇಕು.

ಬ್ಯಾಂಕಿನಲ್ಲಿ ಬದಲಾವಣೆ

ಸಂಗ್ರಹ ಮೌಲ್ಯವಿಲ್ಲದ, ಆದರೆ ಕಾನೂನುಬದ್ಧ ಚಲಾವಣೆಯಲ್ಲಿರುವ ಹಾಳಾದ ನೋಟುಗಳನ್ನು ಬ್ಯಾಂಕು ಶಾಖೆಗಳಲ್ಲಿ ಬದಲಾಯಿಸಿಕೊಳ್ಳಬಹುದು. ಇದಕ್ಕೆ ರಿಸರ್ವ್ ಬ್ಯಾಂಕಿನ ನೋಟು ಮರುಪಾವತಿ ನಿಯಮಗಳು, 2009 ಅನ್ವಯಿಸುತ್ತವೆ. 2018ರಲ್ಲಿ ಇವುಗಳಿಗೆ ತಿದ್ದುಪಡಿಯಾಗಿದೆ.

ಬಳಕೆಯಿಂದ ಕೊಳೆಯಾದ ನೋಟನ್ನೂ, ಎರಡು ತುಂಡಾಗಿ ಎರಡೂ ತುಂಡುಗಳು ಪೂರ್ಣವಾಗಿರುವ ನೋಟನ್ನೂ ಮಾಸಿದ ನೋಟು ಎಂದು ಪರಿಗಣಿಸಲಾಗುತ್ತದೆ. ಒಬ್ಬ ವ್ಯಕ್ತಿ ದಿನವೊಂದಕ್ಕೆ 20 ನೋಟುಗಳವರೆಗೆ ಮತ್ತು ಒಟ್ಟು 5,000 ರೂಪಾಯಿಗಳ ಮಿತಿಯಲ್ಲಿ ಇವನ್ನು ಕೌಂಟರಿನಲ್ಲಿಯೇ ಶುಲ್ಕವಿಲ್ಲದೆ ಬದಲಾಯಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದಲ್ಲಿ ಬ್ಯಾಂಕು ರಸೀದಿ ನೀಡಿ ನಂತರ ಮೊತ್ತವನ್ನು ಖಾತೆಗೆ ಜಮಾ ಮಾಡಬಹುದು. ಸರ್ಕಾರಿ ಬಾಕಿಗಳನ್ನು ಬ್ಯಾಂಕಿನಲ್ಲಿ ಪಾವತಿಸಲು ಸಹ ಮಾಸಿದ ನೋಟುಗಳನ್ನು ಕೊಡಬಹುದು.

ಭಾಗ ಕಳೆದುಹೋದ ಅಥವಾ ಎರಡಕ್ಕಿಂತ ಹೆಚ್ಚು ತುಂಡಾದ ನೋಟಿನ ಮೊತ್ತವು, ಉಳಿದಿರುವ ಒಂದೇ ದೊಡ್ಡ ತುಂಡಿನ ವಿಸ್ತೀರ್ಣದ ಮೇಲೆ ನಿರ್ಧಾರವಾಗುತ್ತದೆ. 20 ರೂಪಾಯಿ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ನೋಟುಗಳಲ್ಲಿ ಆ ತುಂಡು ಶೇಕಡಾ 50ಕ್ಕಿಂತ ಹೆಚ್ಚಿದ್ದರೆ ಪೂರ್ಣ ಮೊತ್ತ. ಇಲ್ಲದಿದ್ದರೆ ಏನೂ ಇಲ್ಲ. 50 ರೂಪಾಯಿ ಮತ್ತು ಮೇಲಿನವುಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ಣ, ಶೇಕಡಾ 40ರಿಂದ 80ರವರೆಗೆ ಅರ್ಧ, 40ಕ್ಕಿಂತ ಕಡಿಮೆಯಿದ್ದರೆ ತಿರಸ್ಕಾರ. ಉದಾಹರಣೆಗೆ, ಈಗಿನ 500 ರೂಪಾಯಿ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಇಲಿ ಕಡಿದು 90 ಮಿ.ಮೀ. ಉದ್ದದ ತುಂಡು ಪೂರ್ಣ ಅಗಲದಲ್ಲಿ ಉಳಿದಿದ್ದರೆ ಅದು ಶೇಕಡಾ 60 ಆಗುತ್ತದೆ. 250 ರೂಪಾಯಿ ದೊರೆಯುತ್ತದೆ.

ಸುಟ್ಟು ಕರಕಲಾದ, ಮುಟ್ಟಿದರೆ ಪುಡಿಯಾಗುವ ಅಥವಾ ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದ ನೋಟುಗಳನ್ನು ಶಾಖೆಗಳು ಸ್ವೀಕರಿಸುವುದಿಲ್ಲ. ಇವನ್ನು ಬಿಡಿಸಲು ಯತ್ನಿಸದೆ ಡಬ್ಬಿಯಲ್ಲಿಟ್ಟು, ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ಒಯ್ಯಬೇಕು. ಉದ್ದೇಶಪೂರ್ವಕವಾಗಿ ಕತ್ತರಿಸಿದ ನೋಟುಗಳಿಗೂ ರಾಜಕೀಯ ಘೋಷಣೆ ಬರೆದ ನೋಟುಗಳಿಗೂ ಮೊತ್ತ ಸಿಗುವುದಿಲ್ಲ. ಲೆಕ್ಕ, ಹೆಸರು ಇತ್ಯಾದಿ ಗೀಚಿರುವ ಮಾತ್ರಕ್ಕೆ ನೋಟು ಅಮಾನ್ಯವಾಗುವುದಿಲ್ಲ.

ರದ್ದಾದ ನೋಟುಗಳ ಬಗ್ಗೆ ಎಚ್ಚರಿಕೆ

2016ರ ನವೆಂಬರ್ 8ರಂದು ರದ್ದುಗೊಳಿಸಿದ ಹಳೆಯ 500 ಮತ್ತು 1000 ರೂಪಾಯಿಗಳ ನೋಟುಗಳನ್ನು ಬದಲಾಯಿಸುವ ಸೌಲಭ್ಯ ಈಗ ಇಲ್ಲ. ಅಲ್ಲದೆ 2017ರಲ್ಲಿ ಸಂಸತ್ತು ಅಂಗೀಕರಿಸಿದ ನಿರ್ದಿಷ್ಟ ಬ್ಯಾಂಕ್ ನೋಟುಗಳ ಹೊಣೆಗಾರಿಕೆ ಸಮಾಪ್ತಿ ಅಧಿನಿಯಮದ ಪ್ರಕಾರ ಯಾವುದೇ ವ್ಯಕ್ತಿಯು ಇಂತಹ ನೋಟುಗಳನ್ನು, ಮುಖಬೆಲೆ ಯಾವುದೇ ಇರಲಿ, ಒಟ್ಟು 10ಕ್ಕಿಂತ ಹೆಚ್ಚು ಹೊಂದಿರುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯ ಸಂಗ್ರಹದ ಉದ್ದೇಶಕ್ಕೆ 25ರವರೆಗೆ ಅವಕಾಶವಿದೆ. ಉಲ್ಲಂಘಿಸಿದಲ್ಲಿ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ವಿಧಿಸಬಹುದು. ಈ ವಿನಾಯಿತಿಯು ನೋಟನ್ನು ಹೊಂದಿರುವುದಕ್ಕೆ ಸಂಬಂಧಿಸಿದ್ದು. ಕೊಡುವುದು, ಪಡೆಯುವುದನ್ನು ಅಧಿನಿಯಮವು ನಿಷೇಧಿಸಿರುವುದರಿಂದ ಮಾರಾಟದ ಮಾತು ಬಂದಲ್ಲಿ ವಕೀಲರ ಸಲಹೆ ಪಡೆಯಬೇಕು.

2000 ರೂಪಾಯಿ ನೋಟಿನ ವಿಚಾರ ಬೇರೆ. 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಲಾಯಿತಾದರೂ ಕಾನೂನುಬದ್ಧ ಮಾನ್ಯತೆಯನ್ನು ರದ್ದುಪಡಿಸಲಿಲ್ಲ. ಬ್ಯಾಂಕು ಶಾಖೆಗಳಲ್ಲಿ ಬದಲಾವಣೆಯ ಅವಧಿ 2023ರ ಅಕ್ಟೋಬರ್ 7ಕ್ಕೆ ಮುಗಿದಿದ್ದು, ಆ ನಂತರ ಬೆಂಗಳೂರು ಸೇರಿದಂತೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳಿಗೆ ಖುದ್ದಾಗಿ ಅಥವಾ ಅಂಚೆ ಮೂಲಕ ಸಲ್ಲಿಸುವ ವ್ಯವಸ್ಥೆ ಮಾಡಲಾಯಿತು. ಒಂದು, ಎರಡು ಮತ್ತು ಐದು ರೂಪಾಯಿಗಳ ಸ್ವಾತಂತ್ರ್ಯೋತ್ತರ ನೋಟುಗಳು ಅಂಗಡಿಯಲ್ಲಿ ಕಾಣಸಿಗದಿದ್ದರೂ ರದ್ದಾಗಿಲ್ಲ. ಒಂದು ರೂಪಾಯಿ ನೋಟಿನ ಮುದ್ರಣವನ್ನು 1994ರಲ್ಲಿಯೂ ಎರಡು ಮತ್ತು ಐದು ರೂಪಾಯಿಗಳದನ್ನು 1995ರಲ್ಲಿಯೂ ನಿಲ್ಲಿಸಲಾಯಿತು. ಒಂದು ರೂಪಾಯಿಯದು 2015ರಲ್ಲಿ ಪುನಃ ಆರಂಭವಾಯಿತು.

ವದಂತಿಗಳು ಮತ್ತು ವಂಚನೆ

ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಬೆಲೆ ಇದೆ, 786 ಎಂದು ಕೊನೆಗೊಳ್ಳುವ ನೋಟು ಮನೆಯನ್ನೇ ಕೊಂಡುಕೊಡುತ್ತದೆ ಎಂಬಂತಹ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿರುತ್ತವೆ. ಟ್ರ್ಯಾಕ್ಟರ್ ನೋಟು ಬಹುದೊಡ್ಡ ಸಂಖ್ಯೆಯಲ್ಲಿ ಮುದ್ರಣವಾದದ್ದು. ಚಲಾವಣೆಯಿಂದ ಸವೆದ ಪ್ರತಿಗೆ ಸಂಗ್ರಾಹಕರಲ್ಲಿ ವಿಶೇಷ ಬೇಡಿಕೆಯಿಲ್ಲ. 786, ಒಂದೇ ಅಂಕಿಯ ಪುನರಾವರ್ತನೆ, ಅಥವಾ ದೋಷಯುಕ್ತ ನೋಟುಗಳ ಬದಲಿಗೆಂದು 2006ರಿಂದ ಬಂದಿರುವ ನಕ್ಷತ್ರ ಗುರುತಿನ ಸಂಖ್ಯೆ ಇವುಗಳಿಗೆ ಕೊಳ್ಳುವವರಿರುವುದು ಹೌದು. ಅಲ್ಲಿಯೂ ಮೊದಲು ಕೇಳುವುದು ನೋಟಿನ ದರ್ಜೆಯನ್ನೇ.

ಹಳೆಯ ನೋಟನ್ನು ಕೊಳ್ಳುತ್ತೇವೆಂದು ಹೇಳಿ ಮುಂಗಡವಾಗಿ ನೋಂದಣಿ ಶುಲ್ಕ, ತೆರಿಗೆ ಅಥವಾ ಕಮಿಷನ್ ಕೇಳುವವರು ವಂಚಕರು. ತನ್ನ ಹೆಸರನ್ನು ಈ ರೀತಿ ದುರುಪಯೋಗ ಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ, ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ. ಮಾರುವವರೇ ಕೊಳ್ಳುವವರಿಗೆ ಹಣ ಕಳುಹಿಸಬೇಕಾದ ವ್ಯಾಪಾರ ಯಾವ ಸಂತೆಯಲ್ಲಿಯೂ ಇಲ್ಲ. ನಿವೃತ್ತಿ ಹಣದಲ್ಲಿ ಬದುಕುವ ಹಿರಿಯರಿಗೆ ಮನೆಯ ಕಿರಿಯರು ಈ ಮಾತನ್ನು ಮುಂಚಿತವಾಗಿ ತಿಳಿಸಿರಬೇಕು. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಖಾಸಗಿ ದರ್ಜೆ ಪ್ರಮಾಣಪತ್ರ

ನೋಟನ್ನು ಪರಿಶೀಲಿಸಿ, ಅಂಕ ನೀಡಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಮುದ್ರೆ ಹಾಕಿ ಕೊಡುವ ಖಾಸಗಿ ಸಂಸ್ಥೆಗಳಿವೆ. ಅಮೆರಿಕದಲ್ಲಿ 2005ರಲ್ಲಿ ಆರಂಭವಾದ ಪೇಪರ್ ಮನಿ ಗ್ಯಾರಂಟಿ, ಅಂದರೆ ಪಿಎಂಜಿ, ಭಾರತೀಯ ಸಂಗ್ರಾಹಕರಿಗೂ ಪರಿಚಿತ. ಕಾಗದಕ್ಕೆ ಯಾವುದೇ ಸಂಸ್ಕರಣೆ ಮಾಡಿಲ್ಲವೆಂದು ಕಂಡುಬಂದರೆ ಅಂಕದ ಮುಂದೆ ಇಪಿಕ್ಯೂ ಎಂಬ ಗುರುತು ಹಾಕುತ್ತಾರೆ. ತೊಳೆದ, ಒತ್ತಿದ ನೋಟಿಗೆ ಅದು ಸಿಗದು. ಇದಕ್ಕೆ ಶುಲ್ಕ ಮತ್ತು ಸಾಗಣೆ ವೆಚ್ಚ ತಗಲುವುದರಿಂದ ಸಾಧಾರಣ ನೋಟುಗಳಿಗೆ ಇದು ಲಾಭದಾಯಕವಲ್ಲ. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದ ಹೊರಕ್ಕೆ ಕಳುಹಿಸುವುದಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ನಿರ್ಬಂಧಗಳಿರುವುದರಿಂದ, ಅಂತಹ ನೋಟಿನ ಬಗ್ಗೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಬೇಕು.

ಉತ್ತಮ ದರ್ಜೆಯ ನೋಟು ಹೇಗಿರುತ್ತದೆಂದು ಕಣ್ಣಾರೆ ನೋಡಬಯಸುವವರು ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ 2020ರಲ್ಲಿ ಆರಂಭವಾದ ರೆಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯಕ್ಕೆ ಭೇಟಿ ನೀಡಬಹುದು. ರಜಾಕ್ ಅವರು ಕಿಶೋರ್ ಝುನ್‌ಝುನ್‌ವಾಲಾ ಅವರೊಡನೆ ರಚಿಸಿರುವ ಕೈಪಿಡಿಯನ್ನು ಭಾರತೀಯ ನೋಟುಗಳ ಗುರುತಿಗೆ ವ್ಯಾಪಾರಿಗಳು ಬಳಸುತ್ತಾರೆ.

ಒಂದು ಉದಾಹರಣೆ

ಚಾಂಪಿಯನ್ ರೀಫ್ಸ್‌ನ ಒಂದು ಮನೆಯ ಟ್ರಂಕಿನಲ್ಲಿ ಪಿನ್ನು ಹೊಡೆದ ಒಂದು ರೂಪಾಯಿಯ ಹಳೆಯ ಕಟ್ಟು, ಅರ್ಧ ಹರಿದ ಐದು ರೂಪಾಯಿಯ ಕೆಲವು ನೋಟುಗಳು, ಗೆದ್ದಲು ತಿಂದ ನೂರರ ನೋಟು ಹಾಗೂ ಹಳೆಯ ಸಾವಿರ ರೂಪಾಯಿಯ 12 ನೋಟುಗಳು ದೊರೆತಿವೆ ಎಂದು ಭಾವಿಸೋಣ. ಒಂದು ರೂಪಾಯಿಯ ಕಟ್ಟನ್ನು ಬಿಚ್ಚದೆ, ಪ್ರತ್ಯೇಕವಾಗಿಟ್ಟು, ಕನಿಷ್ಠ ಇಬ್ಬರು ವ್ಯಾಪಾರಿಗಳಿಗೆ ತೋರಿಸಿ ಬೆಲೆ ಕೇಳಬೇಕು. ಐದು ರೂಪಾಯಿಯ ನೋಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುವುದನ್ನು ಮಾತ್ರ ಬ್ಯಾಂಕಿಗೆ ಒಯ್ಯಬೇಕು. ನೂರರ ನೋಟಿನ ದೊಡ್ಡ ತುಂಡನ್ನು ಅಳೆದು, ಬೇರೆ ತುಂಡುಗಳನ್ನು ಅದಕ್ಕೆ ಅಂಟಿಸದೆ ಕೊಡಬೇಕು. ಸಾವಿರದ 12 ನೋಟುಗಳು 10ರ ಮಿತಿಯನ್ನು ಮೀರಿವೆ. ಇವನ್ನು ಬಂಧುಗಳಿಗೆ ಹಂಚುವುದೂ ಸರಿಯಾದ ದಾರಿಯಲ್ಲ, ಏಕೆಂದರೆ ಕೊಡುವುದು ಸಹ ನಿಷೇಧಿತ. ಕಾನೂನು ಸಲಹೆ ಪಡೆಯಬೇಕು. ಹಳೆಯ ಕಟ್ಟಡ ಕೆಡವುವಾಗ ನೆಲದಲ್ಲಿ ಹೂತ ಹಣ ಅಥವಾ ಬೆಲೆಬಾಳುವ ವಸ್ತು ಸಿಕ್ಕಿದಲ್ಲಿ ಅದು ನಿಧಿ ಕಾನೂನಿನ ವ್ಯಾಪ್ತಿಗೆ ಬರಬಹುದಾದ್ದರಿಂದ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.

ದೂರು ಸಲ್ಲಿಸುವ ವಿಧಾನ

ಯಾವುದೇ ಶಾಖೆಯು ಮಾಸಿದ ಅಥವಾ ಹರಿದ ನೋಟನ್ನು ಸ್ವೀಕರಿಸಲು ನಿರಾಕರಿಸಿದಲ್ಲಿ ಮೊದಲು ಶಾಖಾ ವ್ಯವಸ್ಥಾಪಕರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ದೂರು ಸಲ್ಲಿಸಬಹುದು. ಮಾರ್ಗದರ್ಶನಕ್ಕಾಗಿ ರಿಸರ್ವ್ ಬ್ಯಾಂಕಿನ ಸಂಪರ್ಕ ಕೇಂದ್ರದ ದೂರವಾಣಿ ಸಂಖ್ಯೆ 14448. ದೂರಿನೊಂದಿಗೆ ನೋಟಿನ ಎರಡೂ ಬದಿಯ ಛಾಯಾಚಿತ್ರ, ಶಾಖೆಯ ಹೆಸರು ಮತ್ತು ಭೇಟಿ ನೀಡಿದ ದಿನಾಂಕವನ್ನು ಲಗತ್ತಿಸಬೇಕು. ಮೂಲ ನೋಟನ್ನು ದೂರಿನ ಜೊತೆ ಲಗತ್ತಿಸಬಾರದು.